ಸ್ಟ್ರೋಕ್ ಮತ್ತೆ ಬರುತ್ತಾ? ಮೊದಲು ಅದು ಯಾಕೆ ಬಂತು ಅಂತ ಕೇಳಿ

ಮನೆಯಲ್ಲಿ ಯಾರಿಗಾದರೂ ಸ್ಟ್ರೋಕ್ ಆದಾಗ ಮೊದಲ ಒಂದೆರಡು ದಿನ ಎಲ್ಲರಿಗೂ ಒಂದೇ ಚಿಂತೆ, ಜೀವ ಉಳಿದರೆ ಸಾಕು ಅಂತ. ಅಪಾಯ ಕಳೆಯಿತು ಅನ್ನುವ ಹೊತ್ತಿಗೆ ಬೇರೆ ಎರಡು ಪ್ರಶ್ನೆಗಳು ಶುರುವಾಗುತ್ತವೆ. ಮೊದಲಿನ ಹಾಗೆ ಆಗ್ತಾರಾ? ಇದು ಮತ್ತೆ ಬರುತ್ತಾ? ಡಾಕ್ಟರನ್ನು ಕೇಳಿದರೆ "ನೋಡೋಣ, ಒಬ್ಬೊಬ್ಬರದ್ದು ಒಂದೊಂದು ಥರ" ಅನ್ನುತ್ತಾರೆ. ಜಾರಿಕೊಳ್ಳುವ ಮಾತಿನಂತೆ ಕೇಳಿಸುತ್ತದೆ, ಅಲ್ವಾ? ಆದರೆ ಅದು ನಿಜ. ಸ್ಟ್ರೋಕ್, ಲಕ್ವ, ಪಾರ್ಶ್ವವಾಯು ಎಂದು ನಾವು ಒಂದೇ ಹೆಸರಲ್ಲಿ ಕರೆಯುವುದರ ಒಳಗೆ ಐದಾರು ಬೇರೆ ಬೇರೆ ಕಾಯಿಲೆಗಳಿವೆ.

ಇನ್ನೊಂದು ಗೊಂದಲವೂ ಇದೆ. ದೊಡ್ಡ ಸ್ಟ್ರೋಕ್ ಆದವರಿಗೆ ಮತ್ತೆ ಬರುತ್ತದೆ, ಸಣ್ಣದಾದವರಿಗೆ ಬರುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಚೇತರಿಕೆಯ ಲೆಕ್ಕವೇ ಬೇರೆ, ಮರುಕಳಿಸುವ ಲೆಕ್ಕವೇ ಬೇರೆ. ಹತ್ತು ನಿಮಿಷದಲ್ಲಿ ತಾನೇ ಸರಿಹೋದ ಸ್ಟ್ರೋಕಿನ ಮುಂದಿನ ವಾರವೇ ಎಲ್ಲಕ್ಕಿಂತ ಅಪಾಯದ್ದಾಗಿರಬಹುದು. ಐಸಿಯುನಲ್ಲಿ ವಾರಗಟ್ಟಲೆ ಮಲಗಿಸಿದ ಸ್ಟ್ರೋಕ್ ಆಮೇಲೆ ಜೀವನಪೂರ್ತಿ ತಿರುಗಿ ನೋಡದೇ ಇರಬಹುದು.

## ಕಟ್ಟಿಕೊಳ್ಳುವುದು, ಒಡೆಯುವುದು

ಹೊಲಕ್ಕೆ ನೀರು ಹರಿಸುವ ಕಾಲುವೆಯನ್ನು ನೆನೆಸಿಕೊಳ್ಳಿ. ಪೈರು ಒಣಗಲು ಹಲವು ಕಾರಣಗಳಿರಬಹುದು. ಕಾಲುವೆಯೊಳಗೇ ವರ್ಷಗಟ್ಟಲೆ ಹೂಳು ತುಂಬಿರಬಹುದು. ಮೇಲಿನ ಕೆರೆಯಿಂದ ಕಸದ ಉಂಡೆಯೊಂದು ತೇಲಿಬಂದು ಸಿಕ್ಕಿಕೊಂಡಿರಬಹುದು. ತುದಿಯ ಸಣ್ಣ ಕವಲು ಬತ್ತಿರಬಹುದು. ಇಲ್ಲವೇ ಏರಿ ಒಡೆದು ನೀರೆಲ್ಲ ಹೊರಗೆ ನುಗ್ಗಿರಬಹುದು. ಒಣಗಿದ ಪೈರು ನೋಡಲು ಒಂದೇ ಥರ. ಆದರೆ ಮುಂದಿನ ಸಲ ಹೀಗಾಗದಿರಲು ಮಾಡಬೇಕಾದ ಕೆಲಸ ಪ್ರತಿಯೊಂದಕ್ಕೂ ಬೇರೆ.

ಮೆದುಳಿನಲ್ಲೂ ಹೀಗೆಯೇ. ರಕ್ತನಾಳ ಕಟ್ಟಿಕೊಂಡು ಆಗುವುದಕ್ಕೆ ಇಸ್ಕೀಮಿಕ್ ಸ್ಟ್ರೋಕ್ ಎನ್ನುತ್ತಾರೆ. ರಕ್ತನಾಳ ಒಡೆದು ಆಗುವುದು ಹೆಮರೇಜಿಕ್ ಸ್ಟ್ರೋಕ್. ಜಗತ್ತಿನಲ್ಲಿ ಹೊಸದಾಗಿ ಆಗುವ ಸ್ಟ್ರೋಕ್‌ಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಕಟ್ಟಿಕೊಂಡು ಆಗುವಂಥವು. ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದಾಗ 'ಡಯಾಗ್ನೋಸಿಸ್' ಎಂಬ ಸಾಲನ್ನು ಹುಡುಕಿ. ಅಲ್ಲಿ 'ಇನ್‌ಫಾರ್ಕ್ಟ್' ಎಂದಿದ್ದರೆ ಕಟ್ಟಿಕೊಂಡದ್ದು. 'ಹೆಮರೇಜ್' ಅಥವಾ 'ಬ್ಲೀಡ್' ಎಂದಿದ್ದರೆ ಒಡೆದದ್ದು. 'ಲಾಕ್ಯುನಾರ್' (ಸಣ್ಣ ನಾಳದ್ದು), 'ಕಾರ್ಡಿಯೋಎಂಬೋಲಿಕ್' (ಹೃದಯದಿಂದ ಬಂದ ಹೆಪ್ಪಿನದು), 'ಲೋಬಾರ್' (ಮೆದುಳಿನ ಹೊರ ಅಂಚಿನ ಕಡೆಯದು) ಎಂಬ ಪದಗಳು ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. ಮುಂದಿನ ಹತ್ತು ವರ್ಷದ ಲೆಕ್ಕಾಚಾರ ನಿಂತಿರುವುದು ಈ ಸಣ್ಣ ಪದಗಳ ಮೇಲೆ.

ಒಟ್ಟಾರೆ ಲೆಕ್ಕ ಒಂದಿದೆ. ಹಲವು ಅಧ್ಯಯನಗಳನ್ನು ಸೇರಿಸಿ 2011ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ, ಒಮ್ಮೆ ಸ್ಟ್ರೋಕ್ ಆದ ನೂರು ಜನರಲ್ಲಿ ಸುಮಾರು 11 ಮಂದಿಗೆ ಒಂದು ವರ್ಷದೊಳಗೆ, 26 ಮಂದಿಗೆ ಐದು ವರ್ಷದೊಳಗೆ, 39 ಮಂದಿಗೆ ಹತ್ತು ವರ್ಷದೊಳಗೆ ಇನ್ನೊಂದು ಸ್ಟ್ರೋಕ್ ಆಗಿತ್ತು. ಇದರಲ್ಲಿ ಹಳೆಯ ಕಾಲದ ರೋಗಿಗಳೂ ಇದ್ದಾರೆ, ಚೆನ್ನಾಗಿ ಔಷಧಿ ತೆಗೆದುಕೊಳ್ಳುವವರಲ್ಲಿ ಈಗ ಅಪಾಯ ಕಡಿಮೆ. ಆದರೂ ಮೊದಲ ವರ್ಷವೇ ಭಾರ, ಆಮೇಲೆ ನಿಧಾನವಾಗಿ ಏರುತ್ತಾ ಹೋಗುತ್ತದೆ ಎನ್ನುವುದು ಈ ಅಂಕಿಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇನ್ನು ಒಂದೊಂದೇ ಬಗೆಯನ್ನು ನೋಡೋಣ.

## ಬಂದು ಹೋದ ಸ್ಟ್ರೋಕ್

ಬಾಯಿ ಸೊಟ್ಟಗಾಯಿತು, ಮಾತು ತೊದಲಿತು, ಕೈಯಲ್ಲಿದ್ದ ಲೋಟ ಜಾರಿತು. ಕಾಲು ಗಂಟೆಯಲ್ಲಿ ಎಲ್ಲ ಸರಿಹೋಯಿತು. ಇದಕ್ಕೆ ಟಿಐಎ ಅಥವಾ ಮಿನಿ ಸ್ಟ್ರೋಕ್ ಎನ್ನುತ್ತಾರೆ. ರಕ್ತನಾಳ ಸ್ವಲ್ಪ ಹೊತ್ತು ಕಟ್ಟಿಕೊಂಡು ತಾನೇ ತೆರೆದುಕೊಂಡಿದೆ. ಮೆದುಳಿಗೆ ಉಳಿಯುವಂಥ ಪೆಟ್ಟು ಬಿದ್ದಿಲ್ಲ. ಚೇತರಿಕೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಮರುಕಳಿಸುವ ಲೆಕ್ಕದಲ್ಲಿ ಮಾತ್ರ ಇದೇ ಜೋರು. ಚಿಕಿತ್ಸೆ ತಡವಾಗುತ್ತಿದ್ದ ಕಾಲದಲ್ಲಿ ನೂರಕ್ಕೆ ಸುಮಾರು 10 ಜನರಿಗೆ ಮೂರು ತಿಂಗಳೊಳಗೆ ಪೂರ್ಣ ಪ್ರಮಾಣದ ಸ್ಟ್ರೋಕ್ ಆಗುತ್ತಿತ್ತು. ಅದರಲ್ಲೂ ಅರ್ಧದಷ್ಟು ಮೊದಲ ಎರಡೇ ದಿನಗಳಲ್ಲಿ. ಯಾಕೆ ಹೀಗೆ? ನಾಳವನ್ನು ಕಟ್ಟಿದ ಹೆಪ್ಪು ಕರಗಿದೆ ಅಷ್ಟೇ. ಅದು ಹುಟ್ಟಿದ ಜಾಗ ಇನ್ನೂ ಹಸಿ ಗಾಯದಂತೆಯೇ ಇದೆ.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ 'ಎಕ್ಸ್‌ಪ್ರೆಸ್' ಅಧ್ಯಯನ ಈ ಚಿತ್ರವನ್ನೇ ಬದಲಿಸಿತು. ಟಿಐಎ ಅಥವಾ ಸಣ್ಣ ಸ್ಟ್ರೋಕ್ ಆದವರಿಗೆ ಹಿಂದೆ ದಿನಗಟ್ಟಲೆ ಕಾಯಿಸಿ ಕೊಡುತ್ತಿದ್ದ ಅದೇ ಔಷಧಿಗಳನ್ನು ತಕ್ಷಣ ಕೊಡಲು ಶುರು ಮಾಡಿದರು. ಹೊಸ ಔಷಧಿ ಏನೂ ಇರಲಿಲ್ಲ. ಮೂರು ತಿಂಗಳೊಳಗೆ ಮತ್ತೆ ಸ್ಟ್ರೋಕ್ ಆಗುವ ಪ್ರಮಾಣ ನೂರಕ್ಕೆ 10.3ರಿಂದ 2.1ಕ್ಕೆ ಇಳಿಯಿತು. ಸರಿಹೋಯಿತಲ್ಲ, ನಾಳೆ ತೋರಿಸಿದರಾಯಿತು ಅನ್ನುವ ಮಾತು ಎಷ್ಟು ದುಬಾರಿ ಎಂದು ಇದರಲ್ಲೇ ಗೊತ್ತಾಗುತ್ತದೆ.

ಟಿಐಎ ಅಥವಾ ಸಣ್ಣ ಸ್ಟ್ರೋಕ್ ಆದ ಹಲವರಿಗೆ ಮೊದಲ ಮೂರು ವಾರ ರಕ್ತದ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡನ್ನೂ ಒಟ್ಟಿಗೆ ಕೊಟ್ಟು, ಆಮೇಲೆ ಒಂದನ್ನು ನಿಲ್ಲಿಸುತ್ತಾರೆ. ಮಾತ್ರೆ ಯಾಕೆ ಕಡಿಮೆಯಾಯಿತು ಎಂದು ಗಾಬರಿಯಾಗಬೇಕಿಲ್ಲ. ಎರಡು ಮಾತ್ರೆಯ ಲಾಭ ಹೆಚ್ಚಾಗಿ ಸಿಗುವುದು ಆ ಮೊದಲ ವಾರಗಳಲ್ಲೇ. ಆಮೇಲೂ ಮುಂದುವರಿಸಿದರೆ ರಕ್ತಸ್ರಾವದ ಅಪಾಯ ಏರುತ್ತದೆ.

## ದೊಡ್ಡ ನಾಳದಲ್ಲಿ ಕೊಬ್ಬು ಕಟ್ಟಿದಾಗ

ಕುತ್ತಿಗೆಯ ಎರಡೂ ಬದಿಯಲ್ಲಿ ಮೆದುಳಿಗೆ ರಕ್ತ ಒಯ್ಯುವ ಕ್ಯಾರೊಟಿಡ್ ಎಂಬ ದಪ್ಪ ನಾಳಗಳಿವೆ. ಅವುಗಳ ಒಳಗೋಡೆಯಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾಗುತ್ತದೆ. ಅಲ್ಲಿಂದ ಚೂರು ಕಿತ್ತುಹೋಗಿ ಮೆದುಳಿಗೆ ಸೇರುತ್ತದೆ. ಕಟ್ಟಿಕೊಂಡು ಆಗುವ ಸ್ಟ್ರೋಕ್‌ಗಳಲ್ಲಿ ಮೊದಲ ಕೆಲವು ವಾರಗಳಲ್ಲಿ ಅತಿ ಹೆಚ್ಚು ಮರುಕಳಿಸುವುದು ಈ ಬಗೆ.

ಇದಕ್ಕೆ ನೇರವಾದ ಪರಿಹಾರವೂ ಇದೆ. ನಾಳವನ್ನು ತೆರೆದು ಒಳಗಿನ ಕೊಬ್ಬನ್ನು ಶಸ್ತ್ರಚಿಕಿತ್ಸೆಯಿಂದ ಕೆರೆದು ತೆಗೆಯುತ್ತಾರೆ, ಅಥವಾ ಸ್ಟೆಂಟ್ ಹಾಕುತ್ತಾರೆ. 1991ರ ಉತ್ತರ ಅಮೆರಿಕದ ದೊಡ್ಡ ಪ್ರಯೋಗದಲ್ಲಿ, ಸ್ಟ್ರೋಕ್ ಅಥವಾ ಟಿಐಎ ಆಗಿ ನಾಳ ಶೇ. 70ಕ್ಕಿಂತ ಹೆಚ್ಚು ಕಿರಿದಾಗಿದ್ದವರನ್ನು ಎರಡು ವರ್ಷ ಗಮನಿಸಿದರು. ಬರೀ ಔಷಧಿ ಪಡೆದವರಲ್ಲಿ ನೂರಕ್ಕೆ 26 ಮಂದಿಗೆ ಅದೇ ಬದಿಯಲ್ಲಿ ಮತ್ತೆ ಸ್ಟ್ರೋಕ್ ಆಯಿತು. ಶಸ್ತ್ರಚಿಕಿತ್ಸೆ ಆದವರಲ್ಲಿ 9 ಮಂದಿಗೆ. ಲಾಭ ಅತಿ ಹೆಚ್ಚು ಸಿಗುವುದು ಸ್ಟ್ರೋಕ್ ಆದ ಎರಡು ವಾರದೊಳಗೆ ಮಾಡಿದರೆ. ಆದ್ದರಿಂದಲೇ ಕುತ್ತಿಗೆಯ ಸ್ಕ್ಯಾನ್ ಆಯಿತಾ, ಏನು ಬಂತು ಎಂದು ಡಿಸ್ಚಾರ್ಜ್‌ಗೆ ಮುಂಚೆಯೇ ಕೇಳಬೇಕು. ಮೂರು ತಿಂಗಳ ನಂತರದ ಚೆಕಪ್‌ನಲ್ಲಿ ಕೇಳಿದರೆ ತಡವಾಗಿರುತ್ತದೆ.

## ಹೃದಯದಿಂದ ಬಂದ ಹೆಪ್ಪು

ಏಟ್ರಿಯಲ್ ಫಿಬ್ರಿಲೇಶನ್, ಚಿಕ್ಕದಾಗಿ ಎಎಫ್, ಎಂಬ ತೊಂದರೆ ಇರುವವರ ಹೃದಯ ತಾಳ ತಪ್ಪಿ ಬಡಿಯುತ್ತದೆ. ಮೇಲಿನ ಕೋಣೆ ಸರಿಯಾಗಿ ಹಿಂಡಿಕೊಳ್ಳದೆ ಸುಮ್ನೆ ನಡುಗುತ್ತಿರುತ್ತದೆ. ನಿಂತ ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ಒಂದು ದಿನ ಆ ಹೆಪ್ಪು ಹೊರಟು ಮೆದುಳಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹೃದಯದಲ್ಲಿ ಬೆಳೆಯುವ ಹೆಪ್ಪು ದೊಡ್ಡದಿರುತ್ತದೆ, ಹಾಗಾಗಿ ದೊಡ್ಡ ನಾಳವನ್ನೇ ಕಟ್ಟುತ್ತದೆ. ಸಾವು, ತೀವ್ರ ಅಂಗವೈಕಲ್ಯ ಎರಡೂ ಈ ಬಗೆಯಲ್ಲಿ ಜಾಸ್ತಿ. ರೋಗಿಗಳ ವಯಸ್ಸೂ ಸಾಮಾನ್ಯವಾಗಿ ಹೆಚ್ಚಿರುವುದರಿಂದ ಚೇತರಿಕೆ ಇನ್ನಷ್ಟು ಕಷ್ಟ.

ಆದರೆ ತಡೆಯುವ ವಿಷಯದಲ್ಲಿ ಇಷ್ಟು ಚೆನ್ನಾಗಿ ಫಲ ಕೊಡುವ ಔಷಧಿ ಬೇರೆ ಬಗೆಗಳಿಗೆ ಸಿಗುವುದು ಕಷ್ಟ. ಒಮ್ಮೆ ಸ್ಟ್ರೋಕ್ ಅಥವಾ ಟಿಐಎ ಆದ ಎಎಫ್ ರೋಗಿಗಳ ಮೇಲೆ ಯುರೋಪಿನಲ್ಲಿ ನಡೆದ, 1993ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಮತ್ತೆ ಸ್ಟ್ರೋಕ್ ಆಗುವುದನ್ನು ವರ್ಷಕ್ಕೆ ನೂರಕ್ಕೆ 12ರಿಂದ 4ಕ್ಕೆ ಇಳಿಸಿತು. ಆಸ್ಪಿರಿನ್ ಇಲ್ಲಿ ಅಷ್ಟು ಕೆಲಸ ಮಾಡುವುದಿಲ್ಲ. ವಾರ್ಫರಿನ್, ಎಪಿಕ್ಸಬಾನ್, ರಿವರೊಕ್ಸಬಾನ್, ಡಬಿಗಟ್ರಾನ್ ಇವೆಲ್ಲ ಆಸ್ಪಿರಿನ್ನಿನ ಗುಂಪಲ್ಲ, ಹೆಪ್ಪುಗಟ್ಟದಂತೆ ತಡೆಯುವ ಆ ಮಾತ್ರೆಗಳ ಗುಂಪಿನವು. ರಕ್ತ ತೆಳು ಮಾಡುವ ಮಾತ್ರೆ ಎಂದು ಎಲ್ಲವನ್ನೂ ಒಂದೇ ಹೆಸರಲ್ಲಿ ಕರೆಯುವ ರೂಢಿಯಿಂದ ಇಲ್ಲೊಂದು ಎಡವಟ್ಟು ಆಗುತ್ತದೆ. ಪಕ್ಕದ ಮನೆಯವರಿಗೆ ಆಸ್ಪಿರಿನ್ ಸಾಕಾಯಿತು, ನಮಗ್ಯಾಕೆ ಈ ದುಬಾರಿ ಮಾತ್ರೆ ಎಂದು ಬದಲಿಸಿಕೊಳ್ಳುವವರಿದ್ದಾರೆ. ಅವರ ಸ್ಟ್ರೋಕೇ ಬೇರೆ, ಇವರ ಸ್ಟ್ರೋಕೇ ಬೇರೆ.

## ಸಣ್ಣ ನಾಳದ ಸ್ಟ್ರೋಕ್: ಮೆಲ್ಲಗೆ ಕಾಡುವಂಥದ್ದು

ಮೆದುಳಿನ ಆಳದಲ್ಲಿ ಕೂದಲೆಳೆಯಷ್ಟು ಸಣ್ಣ ನಾಳಗಳಿವೆ. ಬಿಪಿ ಮತ್ತು ಶುಗರ್ ವರ್ಷಗಟ್ಟಲೆ ಹದ ತಪ್ಪಿದರೆ ಅವು ದಪ್ಪಗಾಗಿ ಮುಚ್ಚಿಹೋಗುತ್ತವೆ. ಇದೇ ಲಾಕ್ಯುನಾರ್ ಸ್ಟ್ರೋಕ್. ಸ್ಕ್ಯಾನ್‌ನಲ್ಲಿ ಒಂದೂವರೆ ಸೆಂಟಿಮೀಟರಿಗಿಂತ ಚಿಕ್ಕ ಚುಕ್ಕೆಯಷ್ಟೇ ಕಾಣುತ್ತದೆ. ಇದರಿಂದ ತಕ್ಷಣ ಸಾಯುವವರು ಬಹಳ ಕಡಿಮೆ. ಹೆಚ್ಚಿನವರು ಕೆಲವೇ ತಿಂಗಳಲ್ಲಿ ಓಡಾಡಿಕೊಂಡಿರುತ್ತಾರೆ. ಸರಿಯಾದ ಚಿಕಿತ್ಸೆ ಇದ್ದರೆ ಮತ್ತೆ ಸ್ಟ್ರೋಕ್ ಆಗುವ ಪ್ರಮಾಣ ವರ್ಷಕ್ಕೆ ನೂರಕ್ಕೆ ಎರಡೂವರೆಯ ಆಸುಪಾಸು.

ಕೇಳಲು ಹಗುರ ಅನ್ನಿಸುತ್ತದೆ. ಆದರೆ ಈ ಕಾಯಿಲೆ ಒಂದೇ ನಾಳದಲ್ಲಿ ನಿಲ್ಲುವುದಿಲ್ಲ, ಮೆದುಳಿನ ಎಲ್ಲ ಸಣ್ಣ ನಾಳಗಳಲ್ಲೂ ಹಬ್ಬಿರುತ್ತದೆ. ಹೊರಗೆ ಗೊತ್ತೇ ಆಗದಂತೆ ಚುಕ್ಕೆಗಳು ಹೆಚ್ಚುತ್ತಾ ಹೋಗಬಹುದು. ಕೆಲವು ವರ್ಷಗಳಾದ ಮೇಲೆ ನಡಿಗೆ ನಿಧಾನವಾಗುತ್ತದೆ, ಪುಟ್ಟ ಹೆಜ್ಜೆಗಳಾಗುತ್ತವೆ. ಲೆಕ್ಕ ಮಾಡಲು, ಒಂದು ಕೆಲಸದ ಮಧ್ಯೆ ಇನ್ನೊಂದಕ್ಕೆ ತಿರುಗಲು ತಡವರಿಸುತ್ತಾರೆ. ವಯಸ್ಸಾಯಿತು ಬಿಡಿ ಎಂದು ಮನೆಯವರು ಸುಮ್ಮನಾಗುತ್ತಾರೆ. ಇಲ್ಲಿ ಜಾಸ್ತಿ ಮಾತ್ರೆ ನುಂಗಿದರೆ ಜಾಸ್ತಿ ರಕ್ಷಣೆ ಅನ್ನುವ ಲೆಕ್ಕವೂ ನಡೆಯುವುದಿಲ್ಲ. ಲಾಕ್ಯುನಾರ್ ಸ್ಟ್ರೋಕ್ ಆದ 3,020 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಅನ್ನೂ ದೀರ್ಘಕಾಲ ಕೊಟ್ಟರೂ ಸ್ಟ್ರೋಕ್ ಕಡಿಮೆಯಾಗಲಿಲ್ಲ, ರಕ್ತಸ್ರಾವ ಮತ್ತು ಸಾವು ಹೆಚ್ಚಾದವು. ಇವರಿಗೆ ನಿಜವಾದ ಔಷಧಿ ಬಿಪಿ ಹತೋಟಿ.

## ಮೆದುಳಿನೊಳಗೆ ರಕ್ತಸ್ರಾವ

ಒಡೆದು ಆಗುವ ಸ್ಟ್ರೋಕಿನ ಆರಂಭ ಭಯಂಕರ. ನೂರಕ್ಕೆ ಸುಮಾರು 40 ಮಂದಿ ಒಂದು ತಿಂಗಳೊಳಗೆ ತೀರಿಕೊಳ್ಳುತ್ತಾರೆ. ಕಟ್ಟಿಕೊಂಡು ಆಗುವ ಸ್ಟ್ರೋಕಿನಲ್ಲಿ ಈ ಪ್ರಮಾಣ ಇದರ ಅರ್ಧಕ್ಕಿಂತ ಕಡಿಮೆ. ಆದರೆ ಮೊದಲ ವಾರಗಳನ್ನು ದಾಟಿದವರಲ್ಲಿ ಕೆಲವರು ಯಾರೂ ನಿರೀಕ್ಷಿಸದಷ್ಟು ಚೇತರಿಸಿಕೊಳ್ಳುತ್ತಾರೆ. ಹೊರಬಂದ ರಕ್ತ ಸುತ್ತಲಿನ ಮೆದುಳನ್ನು ಕೊಲ್ಲುವುದರ ಜೊತೆಗೆ ಪಕ್ಕಕ್ಕೆ ತಳ್ಳಿ ಅದುಮಿಯೂ ಇರುತ್ತದೆ. ರಕ್ತ ಕರಗಿ ಊತ ಇಳಿದಾಗ, ಅದುಮಿಕೊಂಡಿದ್ದ ಭಾಗ ಮತ್ತೆ ಕೆಲಸ ಶುರು ಮಾಡಬಹುದು. ಹಾಗಾಗಿ ಮೊದಲ ವಾರದ ಸ್ಥಿತಿ ನೋಡಿ ಆಸೆ ಬಿಡುವುದು ಅವಸರವಾದೀತು.

ಮತ್ತೆ ಆಗುತ್ತಾ ಎನ್ನುವುದು ರಕ್ತಸ್ರಾವ ಎಲ್ಲಿ ಆಯಿತು, ಯಾಕೆ ಆಯಿತು ಎನ್ನುವುದರ ಮೇಲೆ ನಿಂತಿದೆ. ಮೆದುಳಿನ ಆಳದಲ್ಲಿ ಆದದ್ದಾದರೆ ಸಾಮಾನ್ಯವಾಗಿ ಕಾರಣ ಬಿಪಿ. ಹೊರ ಅಂಚಿನ ಕಡೆ, ಅಂದರೆ 'ಲೋಬಾರ್' ಜಾಗದಲ್ಲಿ, ವಯಸ್ಸಾದವರಿಗೆ ಆದರೆ ಅಮೈಲಾಯ್ಡ್ ಎಂಬ ಪ್ರೋಟೀನ್ ನಾಳದ ಗೋಡೆಯಲ್ಲಿ ಸೇರಿಕೊಂಡು ಅದನ್ನು ಪೆಡಸು ಮಾಡಿರಬಹುದು. ಅಮೈಲಾಯ್ಡ್ ಕಾರಣವಾಗಿದ್ದರೆ ಮತ್ತೆ ರಕ್ತಸ್ರಾವವಾಗುವ ಪ್ರಮಾಣ ವರ್ಷಕ್ಕೆ ನೂರಕ್ಕೆ ಸುಮಾರು 7. ಇಲ್ಲದಿದ್ದರೆ ಸುಮಾರು 1. ಹೊರಗಿನಿಂದ ಒಂದೇ ಥರ ಕಾಣುವ ಎರಡು ಕಾಯಿಲೆಗಳ ನಡುವೆ ಏಳು ಪಟ್ಟು ವ್ಯತ್ಯಾಸ. ಎಂಆರ್‌ಐ ಮಾಡಿಸಿ ಎಂದು ಡಾಕ್ಟರು ಒತ್ತಾಯಿಸುವುದು ಇದಕ್ಕೇ.

ಬಿಪಿ ಇಳಿಸಿದರೆ ಎಷ್ಟು ಲಾಭ? 6,105 ಜನರ ಮೇಲೆ ನಡೆದು 2001ರಲ್ಲಿ ಪ್ರಕಟವಾದ 'ಪ್ರೋಗ್ರೆಸ್' ಪ್ರಯೋಗದಲ್ಲಿ ಬಿಪಿ ಔಷಧಿಯಿಂದ ಮರುಸ್ಟ್ರೋಕ್ ಒಟ್ಟಾರೆ ಶೇ. 28ರಷ್ಟು ತಗ್ಗಿತು. ಮೆದುಳಿನ ರಕ್ತಸ್ರಾವವಂತೂ ಅರ್ಧಕ್ಕೆ ಇಳಿಯಿತು. ಈಗ ಹೆಚ್ಚಿನವರಿಗೆ ಇಟ್ಟುಕೊಂಡಿರುವ ಗುರಿ 130/80ಕ್ಕಿಂತ ಕೆಳಗೆ.

ಒಮ್ಮೆ ಮೆದುಳಿನಲ್ಲಿ ರಕ್ತಸ್ರಾವವಾದವರು ಹೃದಯದ ಕಾಯಿಲೆಗೆ ಆಸ್ಪಿರಿನ್ ತೆಗೆದುಕೊಳ್ಳಬಹುದಾ ಎಂಬುದು ಡಾಕ್ಟರುಗಳನ್ನೂ ಬಹಳ ಕಾಲ ಕಾಡಿದ ಪ್ರಶ್ನೆ. 2019ರ 'ರೀಸ್ಟಾರ್ಟ್' ಪ್ರಯೋಗದಲ್ಲಿ ಆಸ್ಪಿರಿನ್ ಥರದ ಮಾತ್ರೆಯನ್ನು ಮತ್ತೆ ಶುರು ಮಾಡಿದವರಲ್ಲಿ ರಕ್ತಸ್ರಾವ ಹೆಚ್ಚಾಗಲಿಲ್ಲ. ಆದರೂ ಅದನ್ನು ಸ್ಕ್ಯಾನ್ ನೋಡಿ ಡಾಕ್ಟರೇ ತೀರ್ಮಾನಿಸಬೇಕು.

## ಮೆದುಳಿನ ಮೇಲ್ಪದರದ ರಕ್ತಸ್ರಾವ

ಇದು ಬೇರೆಯದೇ ಜಾತಿ. ನಾಳದ ಗೋಡೆಯಲ್ಲಿ ಉಬ್ಬಿಕೊಂಡ ಗುಳ್ಳೆ, ಅಂದರೆ ಅನ್ಯೂರಿಸಮ್, ಫಟ್ಟನೆ ಒಡೆಯುತ್ತದೆ. ಜೀವನದಲ್ಲೇ ಕಂಡಿರದಂಥ ತಲೆನೋವು ಸಿಡಿಲಿನಂತೆ ಬರುತ್ತದೆ. ಇತರ ಸ್ಟ್ರೋಕ್‌ಗಳಿಗಿಂತ ಕಡಿಮೆ ವಯಸ್ಸಿನವರಿಗೆ ಆಗುವುದು ಹೆಚ್ಚು.

ಗುಳ್ಳೆಯನ್ನು ಮುಚ್ಚದಿದ್ದರೆ ಅದು ಮತ್ತೆ ಒಡೆಯುವ ಅಪಾಯ ಮೊದಲ 24 ಗಂಟೆಯಲ್ಲೇ ಅತಿ ಹೆಚ್ಚು. ಆದ್ದರಿಂದ ತಲೆಬುರುಡೆ ತೆರೆದು ಕ್ಲಿಪ್ ಹಾಕುತ್ತಾರೆ, ಅಥವಾ ತೊಡೆಯ ನಾಳದಿಂದ ತಂತಿ ತೂರಿಸಿ ಗುಳ್ಳೆಯೊಳಗೆ ಕಾಯಿಲ್ ತುಂಬುತ್ತಾರೆ. ಗುಳ್ಳೆ ಮುಚ್ಚಿದ ಮೇಲೆ ಅಲ್ಲೇ ಮತ್ತೆ ಒಡೆಯುವುದು ಅಪರೂಪ. ಆದರೂ ಹೊಸ ಗುಳ್ಳೆ ಬಂದಿದೆಯಾ ಎಂದು ಆಗಾಗ ಸ್ಕ್ಯಾನ್ ಮಾಡಿಸಬೇಕಾಗುತ್ತದೆ. ಸಿಗರೇಟು ಬಿಡಲೇಬೇಕು.

ಇವರ ಕಷ್ಟ ಕಣ್ಣಿಗೆ ಕಾಣುವುದಿಲ್ಲ. ಕೈಕಾಲು ನೆಟ್ಟಗಿರುತ್ತವೆ. ಆದರೆ ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಖಾಲಿಯಾದಷ್ಟು ಸುಸ್ತು, ಗದ್ದಲ ಸಹಿಸಲಾಗದ ಸಿಡುಕು, ಮರೆವು. ಹೊರಗೆ ಚೆನ್ನಾಗಿದ್ದಾರಲ್ಲ, ಕೆಲಸಕ್ಕೆ ಹೋಗಲು ಏನು ದಾಡಿ ಎಂಬ ಮಾತು ಇವರಿಗೆ ಬಹಳ ನೋವು ಕೊಡುತ್ತದೆ.

## ಅಪರೂಪದ ಬಗೆಗಳು, ಕಾರಣ ಸಿಗದ ಬಗೆ

ಮೆದುಳಿನಿಂದ ರಕ್ತ ವಾಪಸು ಬರುವ ದಾರಿಯಲ್ಲಿ ಹೆಪ್ಪುಗಟ್ಟುವುದೂ ಇದೆ. ಬಾಣಂತನದಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವಾಗ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಇದರ ಭವಿಷ್ಯ ಉಳಿದವಕ್ಕಿಂತ ಎಷ್ಟೋ ಒಳ್ಳೆಯದು. ಹಲವು ದೇಶಗಳ 624 ರೋಗಿಗಳನ್ನು ಹಿಂಬಾಲಿಸಿದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೀರಿಕೊಂಡವರು ಅಥವಾ ಬೇರೆಯವರನ್ನು ಅವಲಂಬಿಸಬೇಕಾದವರು ಒಟ್ಟು ನೂರಕ್ಕೆ ಸುಮಾರು 13. ಮತ್ತೆ ಅದೇ ಆದದ್ದು ನೂರಕ್ಕೆ ಎರಡರಷ್ಟು ಜನರಿಗೆ ಮಾತ್ರ.

ಕಟ್ಟಿಕೊಂಡು ಆಗುವ ಸ್ಟ್ರೋಕಿನಲ್ಲಿ ಎಲ್ಲ ಪರೀಕ್ಷೆ ಮಾಡಿದರೂ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಕಾರಣವೇ ಸಿಗುವುದಿಲ್ಲ. ಇಂಥವರಲ್ಲಿ ಕೆಲವರಿಗೆ ಎಎಫ್ ಬಂದು ಹೋಗುತ್ತಿರುತ್ತದೆ, ಇಸಿಜಿ ತೆಗೆದ ಆ ಕ್ಷಣದಲ್ಲಿ ಮಾತ್ರ ಇರುವುದಿಲ್ಲ. 2014ರ ಒಂದು ಪ್ರಯೋಗದಲ್ಲಿ ಎದೆಯ ಚರ್ಮದಡಿ ಪುಟ್ಟ ಮಾನಿಟರ್ ಇಟ್ಟು ನೋಡಿದಾಗ ಆರು ತಿಂಗಳಲ್ಲಿ ನೂರಕ್ಕೆ ಸುಮಾರು 9 ಜನರಲ್ಲಿ ಎಎಫ್ ಸಿಕ್ಕಿತು. ಮಾಮೂಲಿ ತಪಾಸಣೆಯಲ್ಲಿ ಸಿಕ್ಕಿದ್ದು ಒಂದೂವರೆಗಿಂತ ಕಡಿಮೆ. ಕಾರಣ ಗೊತ್ತಾಗಲಿಲ್ಲ ಎಂದರೆ ಹುಡುಕಾಟ ಮುಗಿಯಿತು ಎಂದು ತಿಳಿಯಬಾರದು.

## ಚೇತರಿಕೆಯ ಗಡಿಯಾರ

ಯಾವ ಬಗೆಯೇ ಆಗಲಿ, ಸುಧಾರಣೆ ಅತಿ ವೇಗವಾಗಿ ಕಾಣುವುದು ಮೊದಲ ಮೂರು ತಿಂಗಳಲ್ಲಿ. ಆರು ತಿಂಗಳಾಗುವಾಗ ವೇಗ ತಗ್ಗುತ್ತದೆ. ಆರು ತಿಂಗಳ ಮೇಲೆ ಏನೂ ಆಗಲ್ಲ ಎಂಬ ಮಾತು ಮಾತ್ರ ಸುಳ್ಳು. ಮಾತು ವರ್ಷಗಳ ನಂತರವೂ ಸುಧಾರಿಸಬಹುದು. ಕೈಗೂ ಅಷ್ಟೇ, ಬಳಸಿದಷ್ಟೂ ಲಾಭ. ಕಾಲು ಮೊದಲು ಬರುತ್ತದೆ, ಬೆರಳು ಕೊನೆಗೆ. ಗೋಡೆ ಹಿಡಿದು ನಡೆಯುವಷ್ಟು ಆದ ಮೇಲೂ ಅಂಗಿಯ ಗುಂಡಿ ಹಾಕಿಕೊಳ್ಳಲು ತಿಂಗಳುಗಳೇ ಬೇಕಾಗುತ್ತವೆ. ಸರಿಯಾದ ಕೈಯನ್ನು ಕಟ್ಟಿಹಾಕಿ, ಸೋತ ಕೈಯಿಂದಲೇ ದಿನವೂ ಗಂಟೆಗಟ್ಟಲೆ ಕೆಲಸ ಮಾಡಿಸುವ ವಿಧಾನವೊಂದಿದೆ. ಸ್ಟ್ರೋಕ್ ಆಗಿ ಮೂರರಿಂದ ಒಂಬತ್ತು ತಿಂಗಳಾದವರಲ್ಲೂ ಅದು ಫಲ ಕೊಟ್ಟಿದೆ.

ಮೂವರಲ್ಲಿ ಒಬ್ಬರಿಗೆ ಯಾವುದಾದರೊಂದು ಹಂತದಲ್ಲಿ ಖಿನ್ನತೆ ಕಾಡುತ್ತದೆ. ವ್ಯಾಯಾಮ ಮಾಡಲ್ಲ, ಹಟ ಮಾಡ್ತಾರೆ ಎಂದು ದೂರುವ ಮೊದಲು ಇದನ್ನು ಡಾಕ್ಟರ ಗಮನಕ್ಕೆ ತರಬೇಕು. ಚಿಕಿತ್ಸೆ ಇದೆ.

ನೆನಪಿನ ಶಕ್ತಿಯ ವಿಷಯದಲ್ಲಿ 2009ರ ಒಂದು ವಿಶ್ಲೇಷಣೆ ಹೇಳುವುದನ್ನು ಕೇಳಿ. ಮೊದಲ ಸ್ಟ್ರೋಕ್ ಆದ ಮೇಲೆ ಹೊಸದಾಗಿ ಡಿಮೆನ್ಶಿಯಾ ಬಂದವರು ಹತ್ತರಲ್ಲಿ ಒಬ್ಬರು. ಮತ್ತೆ ಸ್ಟ್ರೋಕ್ ಆದವರಲ್ಲಿ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ. ಎರಡನೆಯದನ್ನು ತಡೆಯುವುದಕ್ಕೆ ಇಷ್ಟು ಒತ್ತು ಕೊಡುವುದು ಇದಕ್ಕೇ. ಮೊದಲ ಸಲ ಮೆದುಳಿನ ಉಳಿದ ಭಾಗ ಸೋತ ಭಾಗದ ಕೆಲಸವನ್ನು ವಹಿಸಿಕೊಂಡಿರುತ್ತದೆ. ಎರಡನೇ ಪೆಟ್ಟು ಆ ಮೀಸಲಿಗೇ ಕೈ ಹಾಕುತ್ತದೆ.

## ಮಾತ್ರೆ ಎಲ್ಲಿಯವರೆಗೆ?

ಕಟ್ಟಿಕೊಂಡು ಆಗುವ ಸ್ಟ್ರೋಕಿನಲ್ಲಿ ರಕ್ತ ತೆಳು ಮಾಡುವ ಮಾತ್ರೆ, ಬಿಪಿ ಮಾತ್ರೆ, ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ಇವು ಹೆಚ್ಚಿನವರಿಗೆ ಜೀವನಪೂರ್ತಿ. ಇವುಗಳ ಜೊತೆಗೆ ಊಟದ ಬದಲಾವಣೆ ಮತ್ತು ವ್ಯಾಯಾಮವನ್ನೂ ಸೇರಿಸಿದರೆ ಮರುಕಳಿಸುವ ಅಪಾಯವನ್ನು ಶೇ. 80ರಷ್ಟು ತಗ್ಗಿಸಬಹುದು ಎಂದು 2007ರ ಒಂದು ಲೆಕ್ಕಾಚಾರ ಅಂದಾಜಿಸಿತ್ತು. ಕೈಕಾಲು ಸರಿಹೋದ ಮೇಲೆ ಮಾತ್ರೆ ಯಾಕೆ ಎಂದು ಬಹಳ ಜನ ನಿಲ್ಲಿಸಿಬಿಡುತ್ತಾರೆ. ಕೈಕಾಲು ಸರಿಮಾಡಿದ್ದು ಆ ಮಾತ್ರೆಗಳಲ್ಲ, ಅವು ಇರುವುದೇ ಮುಂದಿನದನ್ನು ತಡೆಯಲು.

ಹಲ್ಲು ಕೀಳಿಸುವಾಗ, ಕಣ್ಣಿನ ಪೊರೆ ತೆಗೆಸುವಾಗ ರಕ್ತದ ಮಾತ್ರೆಯನ್ನು ನಾಲ್ಕು ದಿನ ಬಿಡಿ ಎಂದು ಯಾರಾದರೂ ಹೇಳಿಯಾರು. ಈ ಎರಡಕ್ಕೂ ಸಾಮಾನ್ಯವಾಗಿ ಆಸ್ಪಿರಿನ್ ನಿಲ್ಲಿಸಬೇಕಾಗುವುದಿಲ್ಲ. ಎಎಫ್‌ಗೆ ಕೊಟ್ಟ ಎಪಿಕ್ಸಬಾನ್, ರಿವರೊಕ್ಸಬಾನ್, ಡಬಿಗಟ್ರಾನ್ ಥರದ ಮಾತ್ರೆಯಾದರೆ ಒಂದೆರಡು ದಿನ ಬಿಟ್ಟರೂ ಅದರ ರಕ್ಷಣೆ ಹೋಗಿಬಿಡುತ್ತದೆ. ನಿಲ್ಲಿಸಲೇಬೇಕಾದ ಶಸ್ತ್ರಚಿಕಿತ್ಸೆ ಇದ್ದರೆ ಯಾವ ದಿನ ನಿಲ್ಲಿಸಬೇಕು, ಯಾವ ದಿನ ಮತ್ತೆ ಶುರು ಮಾಡಬೇಕು ಎರಡನ್ನೂ ಸ್ಟ್ರೋಕಿಗೆ ಮಾತ್ರೆ ಬರೆದುಕೊಟ್ಟ ಡಾಕ್ಟರ ಹತ್ತಿರ ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ನಿಲ್ಲಿಸುವ ತಾರೀಖು ಎಲ್ಲರಿಗೂ ನೆನಪಿರುತ್ತದೆ, ಮರೆತುಹೋಗುವುದು ಶುರು ಮಾಡುವ ತಾರೀಖು.